ವಜ್ರದ ಚೀಟಿಯನ್ನು ಓದುವ ಬಗೆ

ನಮ್ಮ ನೆರೆಮನೆಯ ತಾಯಿಯೊಬ್ಬರು ಮಗಳ ಮದುವೆಗೆಂದು ವಜ್ರದ ಓಲೆ ಕೊಂಡು ತಂದಿದ್ದರು. ಹಲವು ವರ್ಷಗಳ ಉಳಿತಾಯ ಅದರಲ್ಲಿ ಸೇರಿತ್ತು. ಅಂಗಡಿಯ ಚೀಟಿಯಲ್ಲಿದ್ದ ‘18 ಕ್ಯಾರೆಟ್’ ಎಂಬುದನ್ನು ತೋರಿಸಿ, “ಹದಿನೆಂಟು ಕ್ಯಾರೆಟ್ಟಿನ ವಜ್ರ” ಎಂದು ಹಿಗ್ಗಿದರು. ಆ ಹದಿನೆಂಟು ಬಂಗಾರಕ್ಕೆ ಸಂಬಂಧಿಸಿದ್ದೆಂದು ಹೇಳಬೇಕಾದಾಗ ನನಗೂ ಸಂಕಟವಾಯಿತು. ಅದರ ಕೆಳಗಿನ ಸಾಲಿನಲ್ಲಿ ಹರಳುಗಳ ಒಟ್ಟು ತೂಕ 20 ಸೆಂಟ್ ಎಂದಿತ್ತು. ವರ್ತಕರು ಸುಳ್ಳು ಬರೆದಿರಲಿಲ್ಲ. ಕೊಂಡವರಿಗೆ ಓದಲು ತಿಳಿದಿರಲಿಲ್ಲ.

ಬಂಗಾರದಲ್ಲಿ ಕ್ಯಾರೆಟ್ ಎಂದರೆ ಶುದ್ಧತೆ. 18 ಕ್ಯಾರೆಟ್ ಎಂದರೆ 24 ಭಾಗಗಳಲ್ಲಿ 18 ಭಾಗ ಚಿನ್ನ. ವಜ್ರದಲ್ಲಿಯಾದರೋ ಕ್ಯಾರೆಟ್ ಎಂಬುದು ತೂಕ. ಒಂದು ಕ್ಯಾರೆಟ್ 200 ಮಿಲಿಗ್ರಾಂ. ಅದರ ನೂರರಲ್ಲಿ ಒಂದು ಭಾಗವೇ ಸೆಂಟ್. ಹತ್ತು ಸೆಂಟಿನ ಹತ್ತು ಹರಳುಗಳೂ ಒಂದು ಕ್ಯಾರೆಟ್ಟಿನ ಒಂಟಿ ಹರಳೂ ತೂಕದಲ್ಲಿ ಸಮ. ಆದರೆ ಗುಣ ಒಂದೇ ಆಗಿದ್ದರೂ ಒಂಟಿ ಹರಳಿನ ಬೆಲೆ ಬಹಳ ಹೆಚ್ಚು, ಏಕೆಂದರೆ ದೊಡ್ಡ ಹರಳು ಅಪರೂಪ. ಆದ್ದರಿಂದ ಒಟ್ಟು ತೂಕವನ್ನಷ್ಟೇ ಕೇಳಿ ಸುಮ್ಮನಾಗಬಾರದು.

ತೂಕದೊಡನೆ ನೋಡಬೇಕಾದವು ಬಣ್ಣ, ಸ್ವಚ್ಛತೆ ಮತ್ತು ಸಾಣೆ. 1931ರಲ್ಲಿ ಸ್ಥಾಪನೆಯಾದ ಅಮೆರಿಕದ ಜಿಐಎ ಸಂಸ್ಥೆಯು ರೂಪಿಸಿದ ಕ್ರಮವೇ ಇಂದು ಹೆಚ್ಚು ಬಳಕೆಯಲ್ಲಿದೆ. ಬಣ್ಣದ ಶ್ರೇಣಿ ‘ಡಿ’ ಅಕ್ಷರದಿಂದ ‘ಝಡ್’ವರೆಗೆ ಇಳಿಯುತ್ತದೆ. ‘ಡಿ’ ಎಂದರೆ ಪೂರ್ಣ ವರ್ಣರಹಿತ. ಮುಂದೆ ಹೋದಂತೆ ಹಳದಿ ಛಾಯೆ ಹೆಚ್ಚುತ್ತದೆ. ಸ್ವಚ್ಛತೆಯನ್ನು ಹತ್ತು ಪಟ್ಟು ಹಿಗ್ಗಿಸಿ ತೋರುವ ಭೂತಗನ್ನಡಿಯಲ್ಲಿ ನೋಡಿ 11 ದರ್ಜೆಗಳಲ್ಲಿ ಹೇಳುತ್ತಾರೆ. ‘ವಿವಿಎಸ್’ ಎಂದರೆ ಪರಿಣತರಿಗೂ ಕಷ್ಟದಿಂದ ಕಾಣುವಷ್ಟು ಸಣ್ಣ ಕಲೆ. ‘ಐ’ ಎಂದರೆ ಎದ್ದು ತೋರುವ ದೋಷ. ಸಾಣೆಯೊಂದೇ ಮನುಷ್ಯನ ಕೈಗೆಲಸ. ಮುಖಗಳ ಅಳತೆ ಸರಿಯಿದ್ದರೆ ಬೆಳಕು ಒಳಹೊಕ್ಕು ಮರಳಿ ಕಣ್ಣಿಗೆ ಬರುತ್ತದೆ; ತಪ್ಪಿದರೆ ನಿರ್ಮಲವಾದ ಹರಳೂ ಮಂಕಾಗಿ ಕಾಣುತ್ತದೆ.

ಓಲೆಯ ಮೇಲಿನ ಹಾಲ್‌ಮಾರ್ಕ್ ಬಂಗಾರಕ್ಕೆ ಮಾತ್ರ ಸಾಕ್ಷಿ; ಹರಳಿನ ವಿಷಯದಲ್ಲಿ ಅದು ಮೌನ. ಹರಳು ಭೂಗರ್ಭದ್ದೋ ಪ್ರಯೋಗಶಾಲೆಯಲ್ಲಿ ಬೆಳೆಸಿದ್ದೋ ಎಂಬುದನ್ನೂ ಕೇಳಿ ತಿಳಿಯಬೇಕು. ಎರಡೂ ನಿಜವಾದ ವಜ್ರವೇ. ಬರಿಗಣ್ಣಿಗೆ ಭೇದ ತಿಳಿಯದು; ಬೆಲೆಯಲ್ಲಿ ಮಾತ್ರ ಅಗಾಧ ಅಂತರವಿದೆ. ಬೆಳೆಸಿದ ವಜ್ರವನ್ನು ತಿಳಿದು ಕೊಂಡರೆ ದೋಷವಿಲ್ಲ; ತಿಳಿಯದೆ ಗಣಿಯ ವಜ್ರದ ಬೆಲೆ ತೆತ್ತರೆ ನಷ್ಟ ನಮ್ಮದೇ. ಕಷ್ಟಕಾಲಕ್ಕೆ ಆದೀತೆಂದು ಒಡವೆ ಮಾಡಿಸುವ ಮನೆಗಳಂತೂ ಇದನ್ನು ಮರೆಯಲಾಗದು.

ಆದುದರಿಂದ, ಹಣ ಕೊಡುವ ಮೊದಲೇ ಪ್ರತಿ ದೊಡ್ಡ ಹರಳಿನ ತೂಕ, ಬಣ್ಣ, ಸ್ವಚ್ಛತೆ, ಸಾಣೆ ಹಾಗೂ ಮೂಲವನ್ನು ಬರೆಹದಲ್ಲಿ ಪಡೆಯಿರಿ. ಪ್ರಮಾಣಪತ್ರ ಕೊಟ್ಟವರು ಮಾರುವವರೋ ಸ್ವತಂತ್ರ ಪ್ರಯೋಗಶಾಲೆಯೋ ಎಂಬುದನ್ನು ನೋಡಿರಿ. ಆ ಪತ್ರವು ಗುಣವನ್ನು ವಿವರಿಸುತ್ತದೆಯೇ ಹೊರತು ಬೆಲೆಗೆ ಹೊಣೆಯಾಗದು. ಎರಡು ಅಂಗಡಿಗಳಲ್ಲಿ ವಿಚಾರಿಸಲು ಸಂಕೋಚ ಬೇಡ.

ಆ ತಾಯಿ ಓಲೆಯನ್ನು ಹಿಂದಿರುಗಿಸಲಿಲ್ಲ. ಮಗಳನ್ನು ಬಳಿಗೆ ಕರೆದು, ಚೀಟಿಯ ಒಂದೊಂದು ಸಾಲಿನ ಅರ್ಥವನ್ನೂ ತಿಳಿಸಿ, ಓಲೆಯೊಡನೆ ಅದನ್ನೂ ಆಕೆಯ ಕೈಗಿತ್ತರು. ಉಡುಗೊರೆ ಪೂರ್ಣವಾದುದು ಆಗಲೇ ಎಂದು ನನಗನಿಸಿತು.