ನದಿಯ ದಡ ಯಾರದು?



ಲಂಡನ್ನಿನ ಮಗಳ ಮನೆಗೆ ಹೋಗಿದ್ದಾಗ ಥೇಮ್ಸ್ ನದಿಯ ಉತ್ತರ ದಡದಲ್ಲಿ, ಟವರ್ ಬ್ರಿಜ್‌ನಿಂದ ವಾಪಿಂಗ್, ಲೈಮ್‌ಹೌಸ್ ಮಾರ್ಗವಾಗಿ ಐಲ್ ಆಫ್ ಡಾಗ್ಸ್‌ವರೆಗೆ ನಡೆದೆನು. 1996ರಲ್ಲಿ ರಾಷ್ಟ್ರೀಯ ನಡಿಗೆಯ ಹಾದಿಯಾಗಿ ತೆರೆದ 'ಥೇಮ್ಸ್ ಪಾತ್' ಇದು. ಹೆಸರೇನೋ ನದಿಯದು, ಆದರೆ ವಾಪಿಂಗ್‌ನಲ್ಲಿ ಹಾದಿ ಮತ್ತೆ ಮತ್ತೆ ನೀರನ್ನು ತೊರೆದು ಕಟ್ಟಡಗಳ ಬೆನ್ನ ಹಿಂದಿನ ಬೀದಿಗೆ ಹೊರಳುತ್ತದೆ. ಅಂದಿನ ಉಗ್ರಾಣಗಳು ಇಂದು ಸಿರಿವಂತರ ವಸತಿಗಳು. ನದಿ ಅವರ ಕಿಟಕಿಯ ಚಿತ್ರಪಟ.

ಮುಂದೆ, ಐಲ್ ಆಫ್ ಡಾಗ್ಸ್‌ನಲ್ಲಿ 1802ರಲ್ಲಿ ತೆರೆದ ವೆಸ್ಟ್ ಇಂಡಿಯಾ ಡಾಕ್ಸ್‌ಗೆ ಎತ್ತರದ ಗೋಡೆಯ ಕಾವಲಿತ್ತು. ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರು ದುಡಿದು ತೆಗೆದ ಸಕ್ಕರೆ ಕಳುವಾಗಬಾರದೆಂಬ ಎಚ್ಚರಿಕೆಯದು! 1889ರಲ್ಲಿ ಇಲ್ಲಿಯೇ ಆರಂಭವಾದ ಮುಷ್ಕರದಿಂದ ಕಾರ್ಮಿಕರು ಗಂಟೆಗೆ ಆರು ಪೆನ್ನಿ ಕೂಲಿಯನ್ನು ಗೆದ್ದರು. 1980ರಲ್ಲಿ ಡಾಕ್ ಮುಚ್ಚಿತು. ಗೋಡೆಯ ಕಾಲ ಮುಗಿದು ಗೇಟಿನ ಕಾಲ ಬಂದಿತು.

'ಹಣ ತೆತ್ತವರಿಗೆ ಹಕ್ಕಿಲ್ಲವೇ?' ಎಂದು ನೀವು ಕೇಳಬಹುದು. ಮನೆಯ ಮೇಲೆ ಖಂಡಿತ ಇದೆ, ದಡದ ಮೇಲೇಕೆ? 1981ರಲ್ಲಿ ಈ ಪ್ರದೇಶದ ಪುನರುಜ್ಜೀವನಕ್ಕೆ ನಿಗಮವನ್ನು ರಚಿಸಿದ್ದು ಸರಕಾರ. 1987ರಲ್ಲಿ ತೆರೆದ ಲಘು ರೈಲುಮಾರ್ಗಕ್ಕೆ ಸುರಿದದ್ದು ಜನರ ತೆರಿಗೆಯ ಹಣ. ಬೆಲೆ ಏರಿದ್ದು ಜನರಿಂದ. ಬಾಗಿಲು ಮುಚ್ಚಿದ್ದು ಜನರಿಗೇ!

ಕೆಲವು ಹೊಸ ಕಟ್ಟಡಗಳು ನದಿಯಂಚಿನಲ್ಲಿ ನಡೆಯಲು ದಾರಿ ಬಿಟ್ಟಿವೆ. ಅಂದರೆ ಇದು ಅಸಾಧ್ಯವೇನಲ್ಲ, ಮನಸ್ಸು ಬೇಕು ಅಷ್ಟೆ. ಮೂಟೆ ಹೊತ್ತವರ ಮೊಮ್ಮಕ್ಕಳು ತಮ್ಮ ನದಿಯನ್ನು ಕಾಣಲು ಯಾರ ಅಪ್ಪಣೆಯನ್ನೂ ಬೇಡಬಾರದು.

ನಿಮ್ಮ ಮೇಷ್ಟ್ರು