ಕೃತಕ ಮಾನವನ ಒಡಲು ಮತ್ತು ಮನಸ್ಸು

ದೂರದ ದ್ವೀಪವೊಂದರಲ್ಲಿ ಒಂದು ಕಾರ್ಖಾನೆ. ಅದನ್ನು ನೋಡಲೆಂದು ಹೆಲೆನಾ ಎಂಬ ತರುಣಿ ಹಡಗಿನಿಂದ ಬಂದಿಳಿದಿದ್ದಾಳೆ. ಕಾರ್ಖಾನೆಯ ಮುಖ್ಯಾಧಿಕಾರಿ ಡೋಮಿನ್ ತನ್ನ ಬೆರಳಚ್ಚುಗಾರ್ತಿ ಸುಲ್ಲಾಳನ್ನು ಆಕೆಗೆ ಪರಿಚಯ ಮಾಡಿಕೊಡುತ್ತಾನೆ. ಸುಲ್ಲಾ ವಿನಯವಂತೆ, ನಾಲ್ಕು ಭಾಷೆಗಳನ್ನು ಬಲ್ಲವಳು. ಈಕೆ ಮನುಷ್ಯಳಲ್ಲ, ಇಲ್ಲಿಯೇ ತಯಾರಾದ ಸರಕು ಎಂದು ಡೋಮಿನ್ ಹೇಳಿದರೆ ಹೆಲೆನಾ ನಂಬುವುದಿಲ್ಲ. ನಂಬಿಸುವುದಕ್ಕಾಗಿ ಆತ ಸುಲ್ಲಾಳನ್ನು ಕೊಯ್ದು ಒಳಗಿನದನ್ನು ತೋರಿಸಲು ಅಪ್ಪಣೆ ಮಾಡಿದಾಗ ಹೆಲೆನಾ ಗಾಬರಿಯಿಂದ ತಡೆಯುತ್ತಾಳೆ. ಸುಲ್ಲಾಳ ಮುಖದಲ್ಲಿ ಮಾತ್ರ ಭಯದ ಸುಳಿವೂ ಇಲ್ಲ. ತುಸು ಹೊತ್ತಿನಲ್ಲಿ ಕಾರ್ಖಾನೆಯ ಇತರ ಅಧಿಕಾರಿಗಳು ಒಳಗೆ ಬರುತ್ತಾರೆ. ಎರಡನೆಯ ಬಾರಿ ಮೋಸಹೋಗಬಾರದೆಂದು ಹೆಲೆನಾ ಅವರನ್ನೆಲ್ಲ ಕೃತಕ ಮಾನವರೆಂದೇ ಭಾವಿಸಿ, ಅವರ ಬಿಡುಗಡೆಗಾಗಿ ತಾನು ಬಂದಿರುವೆನೆಂದು ಸಾರುತ್ತಾಳೆ. ಆದರೆ ಅವರೆಲ್ಲರೂ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಅಪ್ಪಟ ಮನುಷ್ಯರು!

ಇದು ಜೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ‘ಆರ್. ಯು. ಆರ್.’ ನಾಟಕದ ಮೊದಲ ಭಾಗ. ಪ್ರಾಗ್ ನಗರದ ರಾಷ್ಟ್ರೀಯ ರಂಗಮಂದಿರದಲ್ಲಿ 1921ರ ಜನವರಿಯಲ್ಲಿ ಅದರ ಪ್ರದರ್ಶನವಾಯಿತು. ‘ರೋಬೊ’ ಎಂದು ಇಂದು ಮಕ್ಕಳೂ ಆಡುವ ಮಾತು ಲೋಕಕ್ಕೆ ದೊರೆತದ್ದು ಈ ನಾಟಕದಿಂದಲೇ. ಜೆಕ್ ಭಾಷೆಯಲ್ಲಿ ‘ರೊಬೊತ’ ಎಂದರೆ ಬಿಟ್ಟಿ ದುಡಿಮೆ. ಆ ಶಬ್ದದಿಂದ ಹೆಸರು ಕಟ್ಟಿಕೊಟ್ಟವನು ಕಾರೆಲನ ಅಣ್ಣ, ಚಿತ್ರಕಾರ ಯೋಸೆಫ್ ಚಾಪೆಕ್.

ತವರದ ಬೊಂಬೆಯಲ್ಲ

ರೋಬೊ ಎಂದೊಡನೆ ತವರದ ಮೈ, ಗಾಜಿನ ಕಣ್ಣು, ಕಿರುಗುಟ್ಟುವ ಕೀಲುಗಳು ನೆನಪಿಗೆ ಬರುತ್ತವೆ. ಆದರೆ ಚಾಪೆಕ್ ಕಲ್ಪಿಸಿದ ರೋಬೊಗಳಿಗೆ ಇರುವುದು ಮಾಂಸದ ಮೈ. ನಾಟಕದ ಕತೆಯಂತೆ ವೃದ್ಧ ವಿಜ್ಞಾನಿ ರೊಸ್ಸುಮ್ ಜೀವದ್ರವ್ಯದಂತೆ ವರ್ತಿಸುವ, ಆದರೆ ರಚನೆಯಲ್ಲಿ ಬೇರೆಯೇ ಆದ ಪದಾರ್ಥವೊಂದನ್ನು ಕಂಡುಹಿಡಿಯುತ್ತಾನೆ. ಅದರಿಂದ ಮನುಷ್ಯನನ್ನೇ ಮಾಡಹೊರಟು ಹತ್ತು ವರ್ಷ ಹೆಣಗಿದರೂ ಅವನ ಸೃಷ್ಟಿ ಬದುಕಿದ್ದು ಮೂರೇ ದಿನ. ಬಳಿಕ ಬಂದ ಕಿರಿಯ ರೊಸ್ಸುಮ್ ಯಂತ್ರಶಿಲ್ಪಿ, ವ್ಯವಹಾರಚತುರ. ಸಂತೋಷಪಡುವುದು, ಪಿಟೀಲು ನುಡಿಸುವುದು, ತಿರುಗಾಡಲು ಹೋಗುವುದು—ಇವೆಲ್ಲ ದುಡಿಮೆಗೆ ಅನಾವಶ್ಯಕವೆಂದು ಅವನು ಮನುಷ್ಯನ ರಚನೆಯನ್ನೇ ಸರಳಗೊಳಿಸುತ್ತಾನೆ. ಅಲ್ಲಿಂದ ಮುಂದೆ ತೊಟ್ಟಿಗಳಲ್ಲಿ ಹಿಟ್ಟು ನಾದಿದಂತೆ ಚರ್ಮದ ಪದಾರ್ಥವನ್ನು ಕಲಸಲಾಗುತ್ತದೆ. ನೂಲಿನ ಗಿರಣಿಯಲ್ಲಿ ನೂಲು ತೆಗೆದಂತೆ ನರಗಳನ್ನೂ ರಕ್ತನಾಳಗಳನ್ನೂ ನೂಲಲಾಗುತ್ತದೆ. ಹೀಗೆ ಸಿದ್ಧವಾದ ಜೀವಿಯ ಆಯುಸ್ಸು ಸುಮಾರು ಇಪ್ಪತ್ತು ವರ್ಷ.

ಈ ಜೀವಿಗೆ ನೋವಿಲ್ಲ. ಮಾಲೀಕರಿಗೆ ಅದರಿಂದ ಲಾಭವೇ ಆಗಬೇಕಿತ್ತು. ಆದರೆ ನೋವರಿಯದ ರೋಬೊ ಯಂತ್ರದ ಹಲ್ಲುಗಳ ನಡುವೆ ಕೈಯಿಡುತ್ತದೆ, ಬೆರಳು ಮುರಿದುಕೊಳ್ಳುತ್ತದೆ, ತಲೆ ಒಡೆದುಕೊಳ್ಳುತ್ತದೆ. ಆದುದರಿಂದ ಕಾರ್ಖಾನೆಯ ವೈದ್ಯ ಗಾಲ್ ಅವುಗಳಿಗೆ ನೋವಿನ ನರಗಳನ್ನು ಜೋಡಿಸಲು ಯೋಚಿಸುತ್ತಾನೆ. ಕರುಣೆಯಿಂದಲ್ಲ, ಸರಕು ಹಾಳಾಗದಿರಲೆಂದು!

ಚಾಪೆಕನ ಈ ಊಹೆಗೆ ನಿಜಜೀವನದ ಆಧಾರವೂ ಉಂಟು. ಹುಟ್ಟಿನಿಂದಲೇ ನೋವಿನ ಅರಿವಿಲ್ಲದ ಮಕ್ಕಳು ಅಪರೂಪವಾಗಿ ಜನಿಸುತ್ತಾರೆ. ಅಂಥ ಮಗು ಹಲ್ಲು ಮೂಡಿದೊಡನೆ ತನ್ನ ನಾಲಗೆಯನ್ನೂ ಬೆರಳನ್ನೂ ಕಚ್ಚಿಕೊಳ್ಳುತ್ತದೆ. ಸುಡುವ ಪಾತ್ರೆಯನ್ನು ಹಿಡಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ. ಮೂಳೆ ಮುರಿದರೂ ಅಳುವುದಿಲ್ಲ. ಬಿದ್ದ ಮಗು ಅತ್ತರೆ ತಾಯಿಗೆ ಕಳವಳ. ಅಳದಿದ್ದರೆ ವೈದ್ಯರಿಗೆ ಕಳವಳ. ನೋವು ಒಡಲಿನ ಕಾವಲುಗಾರ. ಆ ಕಾವಲುಗಾರನನ್ನು ಕೃತಕ ಮಾನವನ ಮೈಯೊಳಗೆ ಒಮ್ಮೆ ನಿಲ್ಲಿಸಿದರೆ ಅವನ ಹಿಂದೆಯೇ ಭಯ, ಕೋಪ, ಬದುಕುವ ಆಸೆ ಇವೂ ಬರಲಾರವೇ ಎಂಬುದು ನಾಟಕದ ಮುಂದಿನ ಪ್ರಶ್ನೆ.

ಬಂದೇ ಬರುತ್ತವೆ. ಹಿಂದೆಯೂ ಕೆಲವು ರೋಬೊಗಳು ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿ, ಹಲ್ಲು ಕಡಿದು, ಕೈಯಲ್ಲಿದ್ದುದನ್ನು ಎಸೆಯುತ್ತಿದ್ದುವು. ಅಧಿಕಾರಿಗಳ ಪಾಲಿಗೆ ಅದು ತಯಾರಿಕೆಯ ದೋಷ; ಹೆಲೆನಾಳ ಪಾಲಿಗೆ ಅದು ಆತ್ಮದ ಕುರುಹು. ಆಕೆಯ ಬೇಡಿಕೆಯಂತೆ ಗಾಲ್ ಕೆಲವು ನೂರು ರೋಬೊಗಳ ಮನೋಧರ್ಮವನ್ನೇ ಬದಲಿಸುತ್ತಾನೆ. ಕಡೆಗೆ ರೋಬೊಗಳು ದಂಗೆಯೆದ್ದು ಮನುಷ್ಯಕುಲವನ್ನೇ ಅಳಿಸಿಹಾಕುತ್ತವೆ. ತಮ್ಮಂತೆ ಕೈಯಿಂದ ದುಡಿಯುವವನೆಂಬ ಕಾರಣಕ್ಕೆ ಆಲ್ಕ್ವಿಸ್ಟ್ ಎಂಬ ಶಿಲ್ಪಿಯೊಬ್ಬನನ್ನು ಮಾತ್ರ ಉಳಿಸುತ್ತವೆ. ಆದರೆ ರೋಬೊಗಳನ್ನು ತಯಾರಿಸುವ ವಿಧಾನದ ಹಸ್ತಪ್ರತಿಯನ್ನು ಹೆಲೆನಾ ಅದಕ್ಕೆ ಮೊದಲೇ ಸುಟ್ಟುಹಾಕಿದ್ದಾಳೆ. ಗೆದ್ದವರಿಗೆ ಸಂತಾನವಿಲ್ಲ, ಇಪ್ಪತ್ತು ವರ್ಷ ಕಳೆದರೆ ಅವರೂ ಇಲ್ಲ.

ಆಗ ಆಲ್ಕ್ವಿಸ್ಟ್ ಜೀವದ ಗುಟ್ಟನ್ನು ಅರಿಯಲು ರೋಬೊ ತರುಣಿಯೊಬ್ಬಳನ್ನು ಕೊಯ್ದು ನೋಡುವೆನೆನ್ನುತ್ತಾನೆ. ಅವಳ ಜೊತೆಗಾರ ಪ್ರಿಮುಸ್ ಅಡ್ಡಬಂದು, ಅವಳ ಬದಲು ತನ್ನನ್ನು ಕೊಯ್ಯೆಂದು ಬೇಡುತ್ತಾನೆ. ಅವನನ್ನು ಕರೆದರೆ ಅವಳು ತನ್ನನ್ನೇ ಕೊಯ್ಯೆಂದು ಮುಂದೆ ಬರುತ್ತಾಳೆ. ವೃದ್ಧ ಶಿಲ್ಪಿಗೆ ಬೇಕಾಗಿದ್ದ ಉತ್ತರ ದೊರಕುತ್ತದೆ. ಕೊಯ್ಯುವ ಕತ್ತಿಗೆ ಕೆಲಸವೇ ಉಳಿಯುವುದಿಲ್ಲ. ಮೊದಲ ಭಾಗದಲ್ಲಿ ಸುಲ್ಲಾ ತನ್ನ ಸಾವಿಗೇ ಅಂಜಲಿಲ್ಲ. ಕೊನೆಯ ಭಾಗದಲ್ಲಿ ಇವರಿಬ್ಬರೂ ಇನ್ನೊಬ್ಬರ ಸಾವಿಗೆ ಅಂಜುತ್ತಾರೆ. ನಾಟಕದ ಸಾರವೆಲ್ಲ ಈ ಅಂತರದಲ್ಲಿ ಅಡಗಿದೆ.

ನಾಲ್ಕು ವರ್ಷದ ಆಯುಸ್ಸು

ಚಾಪೆಕ್ ಬಿಟ್ಟ ಎಳೆಯನ್ನು ಮುಂದೆ ಎಳೆದವರಲ್ಲಿ ಅಮೆರಿಕದ ಕಾದಂಬರಿಕಾರ ಫಿಲಿಪ್ ಕೆ. ಡಿಕ್ ಮುಖ್ಯನು. ಅವನ ‘ಡೂ ಆಂಡ್ರಾಯ್ಡ್ಸ್ ಡ್ರೀಮ್ ಆಫ್ ಎಲೆಕ್ಟ್ರಿಕ್ ಶೀಪ್?’ ಕಾದಂಬರಿ 1968ರಲ್ಲಿ ಪ್ರಕಟವಾಯಿತು. ಅಲ್ಲಿನ ಕೃತಕ ಮಾನವರನ್ನು ಕಣ್ಣು ಕಿವಿಗಳಿಂದ ಗುರುತಿಸುವುದು ಸಾಧ್ಯವೇ ಇಲ್ಲ. ಸತ್ತ ಮೇಲೆ ಅಸ್ಥಿಮಜ್ಜೆಯನ್ನು ಪರೀಕ್ಷಿಸಿದರೆ ನಿಜ ತಿಳಿಯಬಹುದು. ಆದರೆ ಸತ್ತ ಮೇಲೆ ತಿಳಿದು ಪ್ರಯೋಜನವೇನು?

ಅವರ ಒಡಲಿನ ದೊಡ್ಡ ಕೊರತೆ ಜೀವಕೋಶಗಳದು. ಹಳೆಯ ಕೋಶ ಸತ್ತರೆ ಹೊಸದು ಹುಟ್ಟುವುದಿಲ್ಲ. ಆದುದರಿಂದ ಆಯುಸ್ಸು ನಾಲ್ಕು ವರ್ಷದಷ್ಟೇ. ಮನುಷ್ಯನ ಒಡಲು ಇದಕ್ಕೆ ವಿರುದ್ಧವಾಗಿ ನಿತ್ಯವೂ ರಿಪೇರಿಯಾಗುತ್ತಿರುವ ಮನೆ. ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕಿ ಹೊಸದಕ್ಕೆ ಎಡೆಗೊಡುತ್ತದೆ. ಕರುಳಿನ ಒಳಪದರ ಕೆಲವೇ ದಿನಗಳಲ್ಲಿ ಹೊಸದಾಗುತ್ತದೆ. ಮಿದುಳಿನ ಹೊರಪದರದ ನರಕೋಶಗಳು ಮಾತ್ರ ಬಹುಮಟ್ಟಿಗೆ ಹುಟ್ಟಿನಿಂದ ಸಾವಿನವರೆಗೆ ಅವೇ ಆಗಿ ಉಳಿಯುತ್ತವೆ.

ಈ ಕಾದಂಬರಿಯನ್ನು ಆಧರಿಸಿದ ‘ಬ್ಲೇಡ್ ರನ್ನರ್’ ಚಲನಚಿತ್ರ 1982ರಲ್ಲಿ ತೆರೆಕಂಡಿತು. ಅಲ್ಲಿ ನಾಲ್ಕು ವರ್ಷದ ಮಿತಿ ಆಕಸ್ಮಿಕ ದೋಷವಲ್ಲ, ಬೇಕೆಂದೇ ಹಾಕಿದ ಲಗಾಮು. ಹೆಚ್ಚು ಕಾಲ ಬದುಕಿದರೆ ಅನುಭವ ಕೂಡುತ್ತದೆ. ಅನುಭವ ಕೂಡಿದರೆ ಪ್ರೀತಿ ದ್ವೇಷಗಳು ಹುಟ್ಟುತ್ತವೆ. ಹುಟ್ಟಿದರೆ ಒಡೆಯನ ಮಾತು ನಡೆಯುವುದಿಲ್ಲ. ಮನಸ್ಸು ಬೆಳೆಯುವುದಕ್ಕೆ ಕಾಲ ಬೇಕೆಂಬ ತಿಳಿವಳಿಕೆಯಿಂದಲೇ ಅದಕ್ಕೆ ಕಾಲವನ್ನು ನಿರಾಕರಿಸಿದ ಕ್ರೌರ್ಯವಿದು.

ಕಡ ತಂದ ನೆನಪುಗಳು

ಅದೇ ಚಿತ್ರದ ರೇಚಲ್ ಎಂಬ ತರುಣಿಗೆ ತಾನು ಕೃತಕಳೆಂಬುದೇ ತಿಳಿಯದು. ಅವಳ ಬಾಲ್ಯದ ನೆನಪುಗಳು ಅವಳ ಸೃಷ್ಟಿಕರ್ತನ ಸೋದರಿಯ ಅಥವಾ ಸೋದರನ ಮಗಳೊಬ್ಬಳಿಂದ ತಂದು ತುಂಬಿದವು. ತಾಯಿಯೊಡನೆ ಕುಳಿತ ಭಾವಚಿತ್ರವನ್ನು ಸಾಕ್ಷಿಯಾಗಿ ಹಿಡಿದು ಅವಳು ತನ್ನ ಮನುಷ್ಯತ್ವವನ್ನು ವಾದಿಸುವ ದೃಶ್ಯವನ್ನು ಕಂಡವರು ಮರೆಯಲಾರರು.

ಹಾಗಾದರೆ ಸ್ವಂತ ನೆನಪು ಮನುಷ್ಯನ ಗುರುತೇ? ಅಷ್ಟು ಧೈರ್ಯವಾಗಿ ಹೇಳುವಂತಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ 1995ರಲ್ಲಿ ತಮ್ಮ ಸಹೋದ್ಯೋಗಿಯೊಡನೆ ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಚಿಕ್ಕಂದಿನಲ್ಲಿ ನೀವು ದೊಡ್ಡ ಅಂಗಡಿ ಸಂಕೀರ್ಣದಲ್ಲಿ ತಪ್ಪಿಸಿಕೊಂಡಿದ್ದಿರಿ ಎಂಬ ಸುಳ್ಳು ಕತೆಯನ್ನು ಮನೆಯವರೇ ಹೇಳಿದ್ದೆಂಬಂತೆ 24 ಮಂದಿಯ ಮುಂದಿಡಲಾಯಿತು. ಅವರಲ್ಲಿ ಸುಮಾರು ಕಾಲು ಭಾಗದವರು ಎಂದೂ ನಡೆಯದ ಆ ಘಟನೆಯನ್ನು ಪೂರ್ತಿಯಾಗಿಯೋ ಅಲ್ಪಸ್ವಲ್ಪವೋ ‘ನೆನಪಿಸಿಕೊಂಡರು’. ಹಿರಿಯರು ಹಲವು ಬಾರಿ ಹೇಳಿದ ಬಾಲ್ಯದ ಪ್ರಸಂಗ ತನಗೇ ನೆನಪಿದೆಯೋ, ಕೇಳಿ ಕೇಳಿ ನೆನಪಾಯಿತೋ ಎಂದು ವಿಂಗಡಿಸಬಲ್ಲವರು ಯಾವ ಮನೆಯಲ್ಲಿದ್ದಾರೆ? ಕಡ ತಂದ ನೆನಪು ರೇಚಲಳಿಗೆ ಮಾತ್ರ ಮೀಸಲಾದುದಲ್ಲ.

ಕರುಣೆಯ ಪರೀಕ್ಷೆ

ಒಡಲಿನಲ್ಲಿ ಭೇದ ಸಿಗದು, ಬುದ್ಧಿಯಲ್ಲಿ ಸಿಗದು, ನೆನಪಿನಲ್ಲಿಯೂ ಸಿಗದು. ಉಳಿದುದೇನು? ಡಿಕ್ ಹೇಳುವ ಉತ್ತರ ಅನುಕಂಪೆ. ಅವನ ಕಾದಂಬರಿಯ ಲೋಕದಲ್ಲಿ ಯುದ್ಧದ ಧೂಳಿನಿಂದ ಪ್ರಾಣಿಗಳು ಬಹುಮಟ್ಟಿಗೆ ಅಳಿದಿವೆ. ಸಾಕಲು ಒಂದು ಕುರಿಯಿದ್ದವನೇ ಗೌರವಸ್ಥ. ನಿಜವಾದ ಕುರಿಯನ್ನು ಕೊಳ್ಳಲಾರದ ಕಥಾನಾಯಕ ಡೆಕಾರ್ಡ್ ನೆರೆಯವರ ಕಣ್ಣಿಗೆ ಕಾಣಲೆಂದು ಮಾಳಿಗೆಯ ಮೇಲೆ ವಿದ್ಯುತ್ ಕುರಿಯೊಂದನ್ನು ಮೇಯಿಸುತ್ತಾನೆ! ತಪ್ಪಿಸಿಕೊಂಡು ಬಂದ ಕೃತಕ ಮಾನವರನ್ನು ಪತ್ತೆಹಚ್ಚಿ ಕೊಲ್ಲುವುದು ಅವನ ಉದ್ಯೋಗ. ಪ್ರಾಣಿಗಳಿಗಾದ ಹಿಂಸೆಯ ಮಾತನ್ನೆತ್ತಿ, ಕೇಳಿದವರ ಕೆನ್ನೆ ಕೆಂಪಾಯಿತೇ, ಕಣ್ಣಿನ ಸ್ನಾಯು ಅದುರಿತೇ ಎಂದು ಉಪಕರಣದಿಂದ ಅಳೆಯುವುದು ಅವನ ಪರೀಕ್ಷೆ. ಬಾಯಿ ಸುಳ್ಳಾಡಬಹುದು, ರಕ್ತ ಸುಳ್ಳಾಡದೆಂಬ ನಂಬಿಕೆ.

ಪರೀಕ್ಷೆಗೆ ಆಧಾರವಿಲ್ಲದಿಲ್ಲ. ಪ್ರಿಸ್ ಎಂಬ ಕೃತಕ ತರುಣಿ, ನಾಲ್ಕೇ ಕಾಲಿನಿಂದ ನಡೆದೀತೇ ಎಂಬ ಕುತೂಹಲದಿಂದ ಜೇಡವೊಂದರ ಕಾಲುಗಳನ್ನು ಒಂದೊಂದಾಗಿ ಕತ್ತರಿಸುತ್ತಾಳೆ. ಮಂದಬುದ್ಧಿಯವನೆಂದು ಸಮಾಜ ದೂರವಿಟ್ಟ ಇಸಿಡೋರ್ ಅದನ್ನು ನೋಡಲಾರದೆ ತಳಮಳಿಸುತ್ತಾನೆ. ಬುದ್ಧಿಯಲ್ಲಿ ಪ್ರಿಸ್ ಮೇಲು. ಮನುಷ್ಯತ್ವದಲ್ಲಿ ಇಸಿಡೋರ್ ಮೇಲು.

ಆದರೆ ಡೆಕಾರ್ಡನ ಜೊತೆಗೆ ರೆಷ್ ಎಂಬ ಇನ್ನೊಬ್ಬ ಬೇಟೆಗಾರನೂ ಇದ್ದಾನೆ. ಅವನು ಕೊಲ್ಲುವ ಬಗೆಯನ್ನು ಕಂಡು, ಇವನೇ ಕೃತಕ ಮಾನವನಿರಬೇಕೆಂದು ಡೆಕಾರ್ಡ್ ಶಂಕಿಸುತ್ತಾನೆ. ಪರೀಕ್ಷೆಯಾಗುತ್ತದೆ, ರೆಷ್ ಮನುಷ್ಯನೇ! ಇತ್ತ ಸುಶ್ರಾವ್ಯವಾಗಿ ಹಾಡುತ್ತಿದ್ದ ಕೃತಕ ಗಾಯಕಿಯ ಸಾವಿಗೆ ಡೆಕಾರ್ಡನ ಮನಸ್ಸು ಮರುಗುತ್ತದೆ. ಪರರನ್ನು ಅಳೆಯಲು ಹೊರಟ ಅಳತೆಗೋಲು ಅಳೆಯುವವನ ಕಡೆಗೇ ತಿರುಗಿತು.

ಈ ಕಲ್ಪನೆಯ ಬೇರು ನಿಜವಾದ ಚರಿತ್ರೆಯಲ್ಲಿದೆ. ಬೇರೊಂದು ಕಾದಂಬರಿಗಾಗಿ ನಾಟ್ಸಿಗಳ ಕಾಗದಪತ್ರಗಳನ್ನು ಓದುತ್ತಿದ್ದಾಗ, ಪೋಲೆಂಡಿನಲ್ಲಿದ್ದ ನಾಟ್ಸಿ ಅಧಿಕಾರಿಯೊಬ್ಬನ ದಿನಚರಿ ಡಿಕ್ಕನ ಕಣ್ಣಿಗೆ ಬಿತ್ತಂತೆ. ಹಸಿದ ಮಕ್ಕಳ ಅಳುವಿನಿಂದ ರಾತ್ರಿ ತನಗೆ ನಿದ್ರೆ ಬರುತ್ತಿಲ್ಲವೆಂಬುದು ಅಲ್ಲಿನ ದೂರು. ಮಕ್ಕಳು ಹಸಿದಿರುವುದಲ್ಲ, ತನ್ನ ನಿದ್ರೆ ಕೆಟ್ಟದ್ದು ಅವನ ಸಂಕಟ! ಮನುಷ್ಯರೂಪದ ಅಮಾನುಷನೆಂಬ ಭಾವನೆ ತನ್ನಲ್ಲಿ ಬೇರೂರಿದ್ದು ಆಗಲೇ ಎಂದು ಡಿಕ್ ಹೇಳಿಕೊಂಡಿದ್ದನು. ಆ ಅಧಿಕಾರಿಯ ಅಸ್ಥಿಮಜ್ಜೆಯನ್ನು ಪರೀಕ್ಷಿಸಿದ್ದರೆ ಅಲ್ಲಿ ಕಾಣುತ್ತಿದ್ದುದು ಮನುಷ್ಯನ ಮಜ್ಜೆಯೇ.

ಮನೆಗೆ ಬಂದ ಮಾತುಗಾರ

ಮಾಂಸದ ಮೈಯ ಕೃತಕ ಮಾನವ ಇನ್ನೂ ಕತೆಯಲ್ಲಿಯೇ ಇದ್ದಾನೆ. ಮಾತು ಮಾತ್ರ ಅವನಿಗಿಂತ ಮುಂದಾಗಿ ಮನೆಗಳನ್ನು ಹೊಕ್ಕಿದೆ. 1966ರಲ್ಲಿಯೇ ಅಮೆರಿಕದ ಜೋಸೆಫ್ ವೈಜೆನ್‌ಬಾಮ್ ‘ಎಲಿಜಾ’ ಎಂಬ ಗಣಕಯಂತ್ರದ ಕಾರ್ಯಕ್ರಮವನ್ನು ವಿವರಿಸಿದ್ದರು. ಹೇಳಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಷ್ಟೇ ಅದರ ಚಾತುರ್ಯ. ಆದರೂ ಅದು ತಯಾರಾದುದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿನಿಯೇ ಅದರೊಡನೆ ಸಂಭಾಷಿಸುವಾಗ, ತುಸು ಹೊರಗೆ ಹೋಗಿರಿ ಎಂದು ಅವರನ್ನು ಕೇಳಿಕೊಂಡಳಂತೆ. ಇಂದಿನ ಯಂತ್ರಗಳು ಅದಕ್ಕಿಂತ ಎಷ್ಟೋ ಪಾಲು ನಿಪುಣವಾಗಿವೆ. ಸಾಂತ್ವನದ ನುಡಿಗಳನ್ನೂ ಆಡುತ್ತವೆ. ಸುಡುವ ಚರ್ಮವಾಗಲಿ ಹಸಿಯುವ ಹೊಟ್ಟೆಯಾಗಲಿ ಅವಕ್ಕಿಲ್ಲ. ಬಲ್ಲವನೇ ಬಲ್ಲ ಬೆಲ್ಲದ ರುಚಿಯ ಎಂಬ ಗಾದೆಯಿದೆ. ರುಚಿಯನ್ನು ವರ್ಣಿಸಿದ ಮಾತ್ರಕ್ಕೆ ಬೆಲ್ಲ ತಿಂದಂತಾಗದು.

ಆದುದರಿಂದ ಯಂತ್ರದ ಮಾತಿಗೆ ಮರುಳಾಗಿ ಅದಕ್ಕೆ ಹೃದಯವನ್ನು ಆರೋಪಿಸುವ ಆತುರ ಬೇಡ. ಹಾಗೆಂದು ಡಿಕ್ ಎತ್ತಿದ ಪ್ರಶ್ನೆ ಇಲ್ಲಿಗೆ ಮುಗಿಯುವುದೂ ಇಲ್ಲ. ಯಂತ್ರಕ್ಕೆ ನೋವಾಗುವುದೇ ಎಂಬುದನ್ನು ವಿಜ್ಞಾನಿಗಳು ವಿಚಾರಿಸಲಿ. ನೆರೆಮನೆಯ ಮಗುವಿನ ಅಳು ಗೋಡೆಯಾಚೆಯಿಂದ ಕೇಳಿಬಂದಾಗ ಕೆಟ್ಟದ್ದು ತನ್ನ ನಿದ್ರೆಯೆಂದು ತೋರಿತೇ, ಮಗುವಿಗೇನಾಯಿತೋ ಎಂದು ತೋರಿತೇ? ಈ ಪರೀಕ್ಷೆಗೆ ಉಪಕರಣವೂ ಬೇಡ, ಪರೀಕ್ಷಕನೂ ಬೇಡ.