ಬುಲ್ಸ್ ಸೋತ್ರ ಡಿಫೆಂಡರ್‌ಗಳನ್ನ ಬೈಬ್ಯಾಡ್ರಿ

2024ರ ಪ್ರೊ ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್ 22 ಪಂದ್ಯ ಆಡಿ ಗೆದ್ದದ್ದು ಎರಡೇ. 12 ತಂಡಗಳಲ್ಲಿ ಕಡೇ ಸ್ಥಾನ. ಎದುರಾಳಿ ರೈಡರ್ ತಪ್ಪಿಸಿಕೊಂಡು ನಡುಗೆರೆ ಮುಟ್ಟಿದಾಗೆಲ್ಲ ಬನಶಂಕರಿ ಸುತ್ತಿನ ಕಟ್ಟೆಗಳ ಮ್ಯಾಲೆ ಬೈಸಿಕೊಂಡವರು ಡಿಫೆಂಡರ್‌ಗಳು. ಇದು ಅನ್ಯಾಯ ಅಂತೀವಿ ನಾವು.

ಔಟಾದವ ಮತ್ತೆ ಒಳಗ ಬರಬೇಕಂದ್ರ ನಮ್ಮವರು ಎದುರಿನವರನ್ನ ಔಟ್ ಮಾಡಬೇಕು. ನಮ್ಮ ರೈಡರ್ ಬರಿಗೈಲೇ ಬಂದ್ರ ಯಾರೂ ಏಳೂದಿಲ್ಲ. ಸಿಕ್ಕಿಬಿದ್ರ ಇನ್ನೊಬ್ಬ ಕಮ್ಮಿ. ಏಳು ಮಂದಿ ಸರಪಳಿ ನಾಲ್ಕಕ್ಕ ಇಳೀತದ. ಕಾರ್ನರ್‌ನವ ಕಾಲು ಹಿಡಿದ್ರೂ ಮ್ಯಾಲೆ ಬಿದ್ದು ಕೆಡವಲಿಕ್ಕ ಕವರ್ ಎಲ್ಲಿ?

2019ರ ಜನವರಿ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದ್ರು; ಬುಲ್ಸ್ 38–33ರಿಂದ ಕಪ್ ಗೆದ್ದಿತು. 2024ಕ್ಕ ಪರ್ದೀಪ್ ನರ್ವಾಲ್‌ಗೆ 70 ಲಕ್ಷ ಕೊಟ್ರು. ಹೆಸರು ಬಂತು, ಅಂಥ ಅಂಕ ಬರಲಿಲ್ಲ.

ಲೆಕ್ಕ ಕೇಳೂದಿದ್ರ ಹರಾಜಿನಾಗ ತಂಡ ಕಟ್ಟಿದವರನ್ನ ಕೇಳ್ರಿ.